ಗಂಡಸರು ಕೇಳಬಾರದ ಹಾಡು

ಹೂದಾನಿಯ ನೀರಿನಲ್ಲಿ ತಲೆಗೆ ಹೊದ್ದ ಓಢ್ನಿಯ ಅಂಚನ್ನು ಅದ್ದಿ, ರುಕ್ಮಿನ್ ಪೆಟ್ಟಿಗೆಯೊಳಗೆ ಮಲಗಿದ್ದ ಗೆಳತಿಯ ತುಟಿಯ ಮೇಲಿನ ಗುಲಾಬಿ ಬಣ್ಣವನ್ನು ಒರೆಸುತ್ತಿದ್ದಳು. ಬಣ್ಣ ಸುಲಭಕ್ಕೆ ಬಿಡುತ್ತಿರಲಿಲ್ಲ.

“ಬಿಡಿ ಟ್ಯಾಂಟಿ, ಇಲ್ಲಿಯವರು ಚೆನ್ನಾಗೇ ಅಲಂಕಾರ ಮಾಡಿದಾರೆ,” ಎಂದಳು ಸತ್ತವಳ ಮಗಳು ಅಂಜನಿ.

“ಏನು ಚೆನ್ನಾಗಿ? ನಿಮ್ಮಮ್ಮ ಒಂದು ದಿನ ತುಟಿಗೆ ಬಣ್ಣ ಮುಟ್ಟಿಸಿದವಳಲ್ಲ. ಬಸ್ದೈನ ಕಳಿಸ್ರೋ ಅಂದ್ರೆ ಇನ್ಯಾರನ್ನೋ ಕಳಿಸೋ ಹಾಗಿದೆ.”

“ಜನ ಬರ್ತಿದಾರೆ. ಮೆಲ್ಲಗೆ ಮಾತಾಡಿ.”

ಜನ ಬರುತ್ತಲೇ ಇದ್ದರು. ಟೊರೊಂಟೊದ ಸ್ಕಾರ್ಬರೋದಲ್ಲಿದ್ದ ಆ ಶವಸಂಸ್ಕಾರದ ಮನೆಯ ಬಾಗಿಲಲ್ಲಿ ಬೂಟುಗಳಿಂದ ಕೊಡವಿದ ಹಿಮ ಕರಗಿ ಕೆಸರಾಗಿತ್ತು. ಊದುಬತ್ತಿಯ ಹೊಗೆಗೆ ಒದ್ದೆ ಉಣ್ಣೆಯ ವಾಸನೆ ಬೆರೆತಿತ್ತು. ಇದ್ದಕ್ಕಿದ್ದಂತೆ ಹಿಂದಿನ ಸಾಲಿನ ಹುಡುಗಿಯರು ಎದ್ದು ಫೋನು ತೆಗೆದರು. ಕಪ್ಪು ಕನ್ನಡಕ, ಬಿಳಿ ಕುರ್ತಾ, ಅದರ ಮೇಲೆ ತುಪ್ಪಳದ ಕೋಟು: ನಿಶಾನ್ ಒಳಗೆ ಬಂದಿದ್ದ. ಬಸ್ದೈಯ ತಂಗಿಯ ಮಗ. ಟ್ರಿನಿಡಾಡಿನಿಂದ ಟೊರೊಂಟೊವರೆಗೆ ಅವನ ಹಾಡಿಗೆ ಕುಣಿಯದ ಮದುವೆಮನೆಯಿಲ್ಲ.

ಅಂಜನಿಯ ಮುಖ ಅರಳಿತು. “ನಾಳೆ ಶೋ ಇಟ್ಕೊಂಡೂ ಬಂದಿದಾನೆ, ಪಾಪ. ಪಂಡಿತ್‌ಜಿ ಮುಗಿಸಿದ ಮೇಲೆ ಅವನೇ ಹಾಡೋದು. ಅಮ್ಮನಿಗೆ ಅಂತ.”

ರುಕ್ಮಿನ್‌ಳ ಕೈ ನಿಂತಿತು. “ಯಾವ ಹಾಡು?”

“‘ಸಂತೆಗೆ ಹೋದ ದುಲಹಾ’. ಇನ್ಯಾವುದು?”

ರುಕ್ಮಿನ್ ಓಢ್ನಿಯ ಅಂಚನ್ನು ಹಿಂಡಿದಳು. ಈ ಪೆಟ್ಟಿಗೆಯ ಮುಂದೆ ನಿಂತು ಅವನು ಅದನ್ನೊಂದು ಹಾಡಿಬಿಟ್ಟರೆ ಅಲ್ಲಿಗೆ ಮುಗಿಯಿತು. ಅದು ಬಸ್ದೈಯ ಹಾಡು ಎನ್ನಲು ಈ ಭೂಮಿಯ ಮೇಲೆ ಒಂದು ಬಾಯೂ ಉಳಿಯುವುದಿಲ್ಲ.

*

ಬಸ್ದೈ ಇದ್ದಾಗ, ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನ ನೆಲಮಾಳಿಗೆಯಲ್ಲಿ ಗೆಳತಿಯರಿಬ್ಬರೂ ಹಾಸಿಗೆ ಬಟ್ಟೆ ಮಡಿಸುತ್ತಿದ್ದರು. ಚಾದರದ ಆ ತುದಿ ಬಸ್ದೈಗೆ, ಈ ತುದಿ ರುಕ್ಮಿನ್‌ಗೆ. ನಾಲ್ಕು ಹೆಜ್ಜೆ ಮುಂದೆ, ತುದಿಗೆ ತುದಿ, ಮತ್ತೆ ಹಿಂದೆ. ಆ ನಡಿಗೆಯ ತಾಳಕ್ಕೆ ಬಸ್ದೈ ಹಾಡುತ್ತಿದ್ದಳು.

“ದುಲಹಾ ಸಂತೆಗೆ ಹೋದನಂತೆ, ಬದನೆಕಾಯಿ ತಂದನಂತೆ, ಅತ್ತೆ ಹಿಚುಕಿ ನೋಡಿದಳಂತೆ...”

ದುಲಹಾ, ಅಂದರೆ ಮದುಮಗ, ಮುಂದೆ ಪಟ್ಟ ಪಾಡು ಹೆಂಗಸರಿಗೆ ಬಿಟ್ಟದ್ದು. ಮೇಲ್ವಿಚಾರಕನ ಹೆಜ್ಜೆ ಸದ್ದಾದರೆ ಸಾಕು, ಬಸ್ದೈ ನಡುಪದದಲ್ಲೇ ಬಾಯಿ ಮುಚ್ಚಿ ಅವನತ್ತ ನಗುತ್ತಿದ್ದಳು. ಅವನಿಗೆ ಭೋಜಪುರಿಯ ಗಂಧವೂ ಇರಲಿಲ್ಲ, ಆದರೂ ಮುಚ್ಚುತ್ತಿದ್ದಳು. ಅವನು ದಾಟಿಹೋದ ಮೇಲೆ ಬಿಟ್ಟ ಅಕ್ಷರದಿಂದಲೇ ಎತ್ತಿಕೊಳ್ಳುತ್ತಿದ್ದಳು.

“ಅವನಿಗೇನು ತಿಳಿಯುತ್ತೆ ಅಂತ ನಿಲ್ಲಿಸ್ತೀಯೇ?”

“ತಿಳಿಯೋದು ಬಿಡೋದು ಅವನ ಪಾಡು. ಕೇಳಿಸಬಾರದು ಅನ್ನೋದು ನನ್ನ ಪಾಡು. ಆಜಿ ಹಾಗೇ ಹೇಳಿಕೊಟ್ಟಿದ್ದು.”

ಆಜಿಗೆ ಅವಳ ಆಜಿ ಹೇಳಿಕೊಟ್ಟಿದ್ದಳು. ಭೋಜಪುರಿ ಸೀಮೆಯಿಂದ ಟ್ರಿನಿಡಾಡಿನ ಕಬ್ಬಿನ ತೋಟಕ್ಕೆಂದು ಹಡಗು ಹತ್ತಿಸಿದಾಗ ಆ ಹೆಂಗಸಿನ ಕೈಯಲ್ಲಿ ಗಂಟಿತ್ತೋ ಇಲ್ಲವೋ, ಬಾಯಲ್ಲಿ ಹಾಡಿತ್ತು. ಮದುವೆಗೆ ಮುಂಚಿನ ಮಾಟಿಕೋರ್ ರಾತ್ರಿ, ಗಂಡಸರನ್ನೆಲ್ಲ ಆಚೆ ಅಟ್ಟಿ, ಹೆಂಗಸರು ಮಣ್ಣು ಅಗೆದು ತಂದು ಹಾಡುವ ಹಾಡು.

ಎರಡು ವರ್ಷಕ್ಕೊಮ್ಮೆ ಇಬ್ಬರೂ ಕೂಡಿ ಊರಿಗೆ ಹೋಗುತ್ತಿದ್ದರು, ಟ್ರಿನಿಡಾಡಿನ ಪೆನಾಲ್‌ಗೆ. ಹೋಗುವಾಗ ಪೆಟ್ಟಿಗೆ ತುಂಬ ಸೇಬು, ಚೀಸು, ಮಕ್ಕಳ ಬೂಟು. ಬರುವಾಗ ಖಾರದ ಚಟ್ನಿ, ಮಸಾಲೆ ಪುಡಿ, ಹೆಪ್ಪುಗಟ್ಟಿಸಿದ ಮೀನು. “ಬಂದಳಮ್ಮ ಕೆನಡಾದವಳು, ನಮ್ಮ ಸೊಳ್ಳೆ ನಿನ್ನ ಕಚ್ಚಿದ್ರೆ ವೀಸಾ ಕೇಳ್ತೀಯೇನೇ?” ಎಂದು ಬಸ್ದೈಯ ತಂಗಿ ಕಿಚಾಯಿಸುವಳು. ಅಂಥದೊಂದು ಸಲ, ತಂಗಿಯ ಮಗಳ ಮದುವೆಯ ಮಾಟಿಕೋರ್‌ನಲ್ಲಿ, ಬಸ್ದೈ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಮನೆಯ ಕೆಳಗಿನ ಅಂಗಳದಲ್ಲಿ ನಿಂತು ಮನಸಾರೆ ಹಾಡಿದಳು. ರುಕ್ಮಿನ್ ಢೋಲಕ್ ಹಿಡಿದಿದ್ದಳು. ನಿಶಾನ್ ಆಗಲೇ ಬ್ಯಾಂಡು ಕಟ್ಟಿ ಹೆಸರು ಹುಡುಕುತ್ತಿದ್ದ. ಗಂಡಸರಿಗೆ ಐಸ್ ತರುತ್ತೇನೆಂದು ಮೇಲಿನ ಅಡುಗೆಮನೆಗೆ ಹೋದವನು ಹಾಡು ಮುಗಿಯುವವರೆಗೆ ಕೆಳಗಿಳಿಯಲಿಲ್ಲ.

ಮುಂದಿನ ಚಳಿಗಾಲ ಅದೇ ಹಾಡು ಅವನ ಹೆಸರಿನಲ್ಲಿ ಬಂತು.

*

ಪಂಡಿತ್‌ಜಿಯ ಮಂತ್ರ ನಡೆದಿತ್ತು. ರುಕ್ಮಿನ್ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಯಾವ ಮಂತ್ರವಾದರೂ ಕಿವಿಗೆ ಬಿದ್ದರೆ ಅವಳ ಬೆರಳು ತಾನಾಗಿ ತಾಳ ಹಾಕುತ್ತಿತ್ತು. ಇವತ್ತು ಹಾಕಲಿಲ್ಲ. ಬೆರಳು ಮುಷ್ಟಿಯೊಳಗಿತ್ತು.

ಪಕ್ಕದಲ್ಲಿ ಬಸ್ದೈಯ ಗಂಡ ಬಾಯ್ಸಿ ಕೂತಿದ್ದ. ಕರಿಯ ಸೂಟು ಭುಜಕ್ಕೆ ದೊಡ್ಡದಾಗಿತ್ತು. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಮನೆಯಲ್ಲಿ ಒಂದು ಏರುಮಾತೂ ಆಡಿದವನಲ್ಲ.

“ಬಾಯ್ಸಿ, ಅವನು ಹಾಡೋದು ನಿನಗೆ ಒಪ್ಪಿಗೆಯೇ?” ಎಂದು ಅವಳು ಪಿಸುಗುಟ್ಟಿದಳು.

“ಹುಡುಗಿ ಕೇಳ್ಕೊಂಡಳು. ನಾನೇನು ಹೇಳಲಿ.”

“ನಲವತ್ತು ವರ್ಷ ನೀನು ಇದನ್ನೇ ಹೇಳಿದ್ದು. ನಾನೇನು ಹೇಳಲಿ.”

ಬಾಯ್ಸಿ ತನ್ನ ಬೂಟು ನೋಡಿಕೊಂಡ.

*

ಸಂಗೀತದ ಶೋ ಎಂದರೆ ಬಸ್ದೈಗೆ ಪ್ರಾಣ. ಚಳಿಗಾಲದ ಶನಿವಾರಗಳಲ್ಲಿ ಬಾಡಿಗೆ ಸಭಾಂಗಣದ ಮುಂದೆ ಹಿಮದಲ್ಲಿ ಸಾಲು ನಿಂತು, ಬೂಟು ಕಳಚಿ ಚೀಲದಲ್ಲಿದ್ದ ಚಪ್ಪಲಿ ಮೆಟ್ಟಿ, ಎರಡು ಡಬಲ್ಸ್ ರೊಟ್ಟಿ ತಿಂದು, ಕೈಗೆ ಹತ್ತಿದ ಕಡಲೆಸಾರು ನೆಕ್ಕಿಕೊಂಡು ಮುಂದಿನ ಸಾಲಿಗೆ ನುಗ್ಗುವಳು. ವಾರವಿಡೀ ಚಾದರ ಮಡಿಸಿದ ಸೊಂಟ ಅಲ್ಲಿ ನೋಯುತ್ತಿರಲಿಲ್ಲ.

ಆ ಚಳಿಗಾಲ ನಿಶಾನ್‌ನ ಶೋ ಇದ್ದ ರಾತ್ರಿಯೂ ಇಬ್ಬರೂ ಹಾಗೆಯೇ ಹೋಗಿದ್ದರು. ಮೂರನೆಯ ಹಾಡಿಗೆ ನಿಶಾನ್ “ದುಲಹಾ ಸಂತೆಗೆ ಹೋದನಂತೆ” ಎಂದು ಎತ್ತಿದ. ಕೀಬೋರ್ಡು ಕೂಗಿತು. ಸಭೆಗೆ ಸಭೆಯೇ ಸೊಂಟ ತಿರುಗಿಸತೊಡಗಿತು, ಗಂಡಸರು ಶರ್ಟು ಬಿಚ್ಚಿ ಬೀಸಿದರು. ನಡುವೆ ಹಾಡು ನಿಲ್ಲಿಸಿ, “ನಮ್ಮ ಮೌಸಿ ಇಲ್ಲೇ ಇದಾರೆ, ಅವರ ಮೇಲೆ ಲೈಟು ಹಾಕಿ,” ಎಂದ. ಬೆಳಕು ಬಿತ್ತು. ಬಸ್ದೈ ಕೈ ಎತ್ತಿದಳು, ನಕ್ಕಳು ಕೂಡ. ಮೇಲ್ವಿಚಾರಕ ಬಂದಾಗ ನಗುತ್ತಿದ್ದಳಲ್ಲ, ಅದೇ ನಗು.

ಮನೆಗೆ ಮರಳುವ ಬಸ್ಸಿನಲ್ಲಿ ಚಪ್ಪಲಿಯನ್ನು ಚೀಲಕ್ಕೆ ತುರುಕುತ್ತ ಹೇಳಿದಳು. “ಬದನೆಕಾಯಿ ತೆಗೆದು ರಮ್ಮಿನ ಬಾಟ್ಲಿ ಇಟ್ಟಿದಾನೆ. ಪ್ರಾಸ ಕೂಡ ಕೂರಲ್ಲ.”

“ಹೋಗಿ ಕೆನ್ನೆಗೆ ಬಾರಿಸಬೇಕಿತ್ತು.”

“ತಂಗಿ ಮಗ ಕಣೇ.”

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಬೇಸಿಗೆಯಲ್ಲಿ ಬ್ರಾಂಪ್ಟನ್ನಿನ ಒಂದು ಮಾಟಿಕೋರ್‌ಗೆ ಎಂದಿನಂತೆ ಬಸ್ದೈಯನ್ನು ಕರೆದರು. ಅವಳು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮದುಮಗಳ ಗೆಳತಿಯೊಬ್ಬಳು ಕಿಸಕ್ಕೆಂದಳು: “ಆಂಟಿ ನಿಶಾನ್ ಹಾಡು ಕದ್ದು ಹಾಡ್ತಿದಾರೆ, ಅದೂ ತಪ್ಪು ತಪ್ಪಾಗಿ.” ಉಳಿದವರು ನಕ್ಕರು. ಬಸ್ದೈ ಸಾಲನ್ನು ಅಲ್ಲಿಗೇ ಬಿಟ್ಟು, ನೀರು ಕುಡಿದು ಬರುತ್ತೇನೆಂದು ಎದ್ದುಹೋಗಿ ಕಾರಿನಲ್ಲಿ ಕೂತಳು.

ಆಮೇಲೆ ಚಾದರ ಮಡಿಸುವಾಗಲೂ ಹಾಡಲಿಲ್ಲ. ನಾಲ್ಕು ಹೆಜ್ಜೆ ಮುಂದೆ, ತುದಿಗೆ ತುದಿ, ಮತ್ತೆ ಹಿಂದೆ. ಬರಿಯ ಬಟ್ಟೆಯ ಸದ್ದು. ಅವಳನ್ನು ಕೊಂದದ್ದು ಹೃದಯ ಎಂದು ಡಾಕ್ಟರು ಹೇಳಿದರು. ರುಕ್ಮಿನ್ ಆ ಮಾತನ್ನು ಕೇಳಿಸಿಕೊಂಡಳು, ನಂಬಲಿಲ್ಲ.

*

“ಈಗ ನಮ್ಮೆಲ್ಲರ ಹೆಮ್ಮೆಯ ಗಾಯಕ,” ಎಂದ ನಿರೂಪಣೆಗೆ ನಿಂತಿದ್ದ ಬಾಲ್ಗೋಬಿನ್, ಬಾಯ್ಸಿಯ ಅಣ್ಣ.

ನಿಶಾನ್ ಕನ್ನಡಕ ತೆಗೆದ. ಅವನ ಕಣ್ಣು ನಿಜವಾಗಿಯೂ ತೇವವಾಗಿತ್ತು. ಅದೇ ರುಕ್ಮಿನ್‌ಗೆ ಹೆಚ್ಚು ಉರಿಯಿತು. “ಇದು ನಮ್ಮ ಮೌಸಿಯ ಹಾಡು. ಅವರಿಗೇ ಅರ್ಪಣೆ,” ಎಂದ. ಗೋಡೆಯ ಸ್ಪೀಕರುಗಳಿಂದ ಕೀಬೋರ್ಡಿನ ಸದ್ದು ಹೊರಟಿತು. ಹಿಂದಿನ ಸಾಲಿನಲ್ಲಿ ಆಗಲೇ ಒಂದೆರಡು ಪಾದ ಅಲುಗಿದವು.

“ಅದನ್ನ ಆರಿಸು,” ಎಂದಳು ರುಕ್ಮಿನ್. ಎದ್ದು ನಿಂತಿದ್ದಳು.

“ಟ್ಯಾಂಟಿ,” ಅಂಜನಿ ಅವಳ ತೋಳು ಹಿಡಿದಳು. “ಮಾನ ತೆಗೀಬೇಡಿ.”

“ಇವನು ಈಗ ಏನಂದ? ಎಲ್ಲರೂ ಕೇಳಿದಿರಲ್ಲ. ಮೌಸಿ ಹಾಡು ಅಂದ. ಇಷ್ಟು ವರ್ಷದಲ್ಲಿ ಮೊದಲನೇ ಸಲ ಬಾಯಲ್ಲಿ ಬಂತು ನಿಜ.” ಅವಳು ನಿಶಾನ್ ಕಡೆ ತಿರುಗಿದಳು. “ಅವಳ ಹಾಡಾದರೆ ಅವಳ ಕಟ್ಟಳೆ. ಗಂಡಸರು ಹೊರಗೆ.”

ಕೀಬೋರ್ಡು ನಿಂತಿತು.

“ಇದು ಸಾವಿನ ಮನೆ ರುಕ್ಮಿನ್, ಮಾಟಿಕೋರ್ ಅಲ್ಲ,” ಎಂದ ಬಾಲ್ಗೋಬಿನ್.

“ಹೆಣ್ಣನ್ನ ಮನೆಯಿಂದ ಕಳಿಸೋ ರಾತ್ರಿ ಹಾಡೋ ಹಾಡು ಅದು. ಇವತ್ತು ಅವಳನ್ನ ಕಳಿಸ್ತಿಲ್ವೇ? ಸುಮ್ಮನೆ ಕೋಟು ಹಾಕ್ಕೊಂಡು ನಡಿ.”

“ನಾನೂನಾ, ಬೆಹೆನ್?” ಪಂಡಿತ್‌ಜಿ ಮೆಲ್ಲಗೆ ಕೇಳಿದರು.

“ನೀವೂ, ಪಂಡಿತ್‌ಜಿ. ಮದುವೆಮನೇಲೂ ನೀವು ಆಚೆಗೇ ಕೂತು ಹಲ್ವಾ ತಿನ್ನೋದು.”

ಯಾರೋ ಮುದುಕಿ ಮೂಗಿನಲ್ಲಿ ನಕ್ಕಳು. ಪಂಡಿತ್‌ಜಿ ಒಂದು ಕ್ಷಣ ಯೋಚಿಸಿ, ತಂಬಿಗೆ ಎತ್ತಿಕೊಂಡರು. “ಕಟ್ಟಳೆ ಕಟ್ಟಳೆಯೇ,” ಎಂದರು.

ನಿಶಾನ್ ಕದಲಲಿಲ್ಲ. “ಟ್ಯಾಂಟಿ, ನಾನು ಈ ಹಾಡನ್ನ ಜಗತ್ತಿಗೆ ತೋರಿಸಿದೆ. ಇಲ್ಲಾಂದ್ರೆ ಮೌಸಿ ಜೊತೆ ಇವತ್ತು ಸುಟ್ಟುಹೋಗ್ತಿತ್ತು.”

“ಜಗತ್ತಿಗೆ ತೋರಿಸೋ ಹಾಡಲ್ಲ ಅದು. ಅಷ್ಟು ದೊಡ್ಡ ಗಾಯಕ, ಅಷ್ಟು ತಿಳೀಲಿಲ್ವೇನೋ ನಿನಗೆ? ಅವಳು ಬಾಯಿ ಮುಚ್ಕೊಂಡು ಸತ್ತಳು. ನೀನು ಮುಚ್ಚಿಸಿದ್ದು.”

ಅವನು ಅಂಜನಿಯ ಕಡೆ ನೋಡಿದ. ಅಂಜನಿ ತಾಯಿಯ ಮುಖವನ್ನು, ಬಣ್ಣ ಹೋದ ತುಟಿಯನ್ನು ನೋಡುತ್ತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಿಂದ ಬಾಯ್ಸಿ ಎದ್ದ. ನಿಶಾನ್ ಕೈಯಿಂದ ಮೈಕು ತೆಗೆದು ಕುರ್ಚಿಯ ಮೇಲಿಟ್ಟು, “ನಡಿ ಮಗ,” ಎಂದ. ಉಳಿದ ಗಂಡಸರು ಟೋಪಿ ಹುಡುಕಿಕೊಂಡು ಅವನ ಹಿಂದೆ ಹೋದರು.

ಬಾಗಿಲು ಮುಚ್ಚಿತು. ರುಕ್ಮಿನ್ ಎಂದೂ ಮುಂದಾಳಾಗಿ ಹಾಡಿದವಳಲ್ಲ. ಒಂದು ಮರದ ಕುರ್ಚಿಯನ್ನು ತೊಡೆಗೆ ಒರಗಿಸಿ ಬಡಿದಳು. ಧ್ವನಿ ಒಡೆದುಬಂತು. ಹಿಂದಿನ ಸಾಲಿನ ಹುಡುಗಿಯರು ಅಭ್ಯಾಸದಿಂದ ರಮ್ಮಿನ ಬಾಟ್ಲಿ ಎಂದರು.

“ಬದನೆಕಾಯಿ,” ಎಂದು ಗದರಿ ಮೊದಲಿನಿಂದ ಎತ್ತಿದಳು.

ಎರಡನೆಯ ಸುತ್ತಿಗೆ ಹೋಟೆಲಿನ ಹಳೆಯ ಕೆಲಸಗಿತ್ತಿಯರು ಕೂಡಿದರು. ಅತ್ತೆ ಬದನೆಕಾಯಿ ಹಿಚುಕಿದ ಮೇಲೆ ಏನಂದಳು ಎಂಬ ಸಾಲು ಬಂದಾಗ ಅಂಜನಿ ಅಳುತ್ತಿದ್ದವಳು ಅವಾಕ್ಕಾಗಿ ತಾಯಿಯ ಕಡೆ ನೋಡಿದಳು. ಆಮೇಲೆ ತಡೆಯಲಾರದೆ ನಕ್ಕಳು. ನಗು ಸಾಲಿನಿಂದ ಸಾಲಿಗೆ ಹಬ್ಬಿತು.

ಕುರ್ಚಿ ಬಡಿಯುತ್ತಲೇ ರುಕ್ಮಿನ್ ಬಾಗಿಲಿನ ಗಾಜಿನ ಕಿಂಡಿಯತ್ತ ನೋಡಿದಳು. ಆಚೆ ನಿಶಾನ್ ಕಿಂಡಿಗೆ ಮುಖ ತರಲು ಎಡಕ್ಕೆ ವಾಲಿದ. ಬಾಯ್ಸಿ ಎಡಕ್ಕೆ ಸರಿದ. ಅವನು ಬಲಕ್ಕೆ ವಾಲಿದ; ಬಾಯ್ಸಿ ಬಲಕ್ಕೆ ಸರಿದ. ಹೆಂಗಸರ ನಗು ಇನ್ನೊಮ್ಮೆ ಎದ್ದಾಗ ಬಾಯ್ಸಿ ಬಾಗಿಲಿಗೆ ಬೆನ್ನು ಒತ್ತಿ ನಿಂತು, ಎರಡೂ ಕೈ ಎತ್ತಿ ತನ್ನ ಕಿವಿಗಳನ್ನು ಬಿಗಿಯಾಗಿ ಮುಚ್ಚಿಕೊಂಡ. ದೊಗಳೆ ಸೂಟಿನ ತೋಳುಗಳು ಎರಡು ಬದಿಗೆ ಹರಡಿ ಗಾಜೆಲ್ಲ ಕಪ್ಪಾಯಿತು.