ಕಂಬಳಿ ಹೊದ್ದ ಬಾನೆಟ್ಟು

"ಒಳಗೇನೋ ಐತೆ ಕಣೇ. ಇಂಥಾ ಬಿಸ್ಲಾಗೆ ಯಾರಾದ್ರೂ ಸುಮ್ನೆ ಕಾರಿಗೆ ಕಂಬ್ಳಿ ಹೊದಿಸ್ತಾರಾ?"

ಜಾಲಿ ಮರದ ನೆರಳಿನಲ್ಲಿ ಕೂತಿದ್ದ ಚಿಕ್ಕತಿಮ್ಮಪ್ಪ ಇದನ್ನು ಬೆಳಗಿನಿಂದ ನಾಲ್ಕನೇ ಸಲ ಹೇಳಿದ. ಪಕ್ಕದಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅವನ ಹೆಂಡತಿ ಹೊನ್ನಕ್ಕ ನಾಲ್ಕನೇ ಎಲೆಗೆ ಸುಣ್ಣ ಸವರಿದಳು. ಎದುರಿಗೆ ಐವತ್ತು ಮಾರು ದೂರದಲ್ಲಿ ಚಿತ್ರದುರ್ಗದ ಯೋಗೇಶನ ಕೆಂಪು ಕಾರು ನಿಂತಿತ್ತು. ಅದರ ಮೂತಿಯಿಂದ ಮುಂದಿನ ಗಾಜಿನವರೆಗೆ ಕರಿಕಂಬಳಿ ಹಾಸಿ ನಾಲ್ಕು ಮೂಲೆಗೂ ಹಗ್ಗ ಬಿಗಿದಿದ್ದರು. ಮದುವಣಗಿತ್ತಿಯ ಸೆರಗನ್ನೂ ಯಾರೂ ಅಷ್ಟು ಜೋಪಾನ ಮಾಡಿರಲಾರರು.

ಬಾಗೂರಿನ ಆಚೆಯ ಬಯಲಿನಲ್ಲಿ ವರ್ಷಕ್ಕೊಮ್ಮೆ, ಆಷಾಢದ ಗಾಳಿ ಏಳುವ ಹೊತ್ತಿಗೆ, ಮಣ್ಣುಹಾದಿಯ ಕಾರು ರೇಸು ನಡೆಯುತ್ತದೆ. ಶನಿವಾರ ಟ್ರಯಲ್, ಭಾನುವಾರ ರೇಸು, ಒಟ್ಟು ಆರು ಸುತ್ತು. ಮೂರು ವರ್ಷದಿಂದ ಗೆಲ್ಲುತ್ತಿರುವವನು ಯೋಗೇಶನೇ. ಅವನ ಕಂಬಳಿ ಜಾರುವುದು ಬಾವುಟ ಬೀಳುವ ಗಳಿಗೆಯಲ್ಲಿ; ಮುಗಿಸಿ ನಿಂತ ಕೂಡಲೇ ಅವನ ಕಡೆಯವರು ಓಡಿಬಂದು ಮತ್ತೆ ಹೊದಿಸುತ್ತಾರೆ. ನಡುವೆ ಕಾಣುವುದೆಲ್ಲ ಧೂಳು. ಹೀಗಾಗಿ ಆ ಬಾನೆಟ್ಟಿನ ಬಗ್ಗೆ ಬಯಲಿನ ತುಂಬ ಕಥೆಗಳಿದ್ದವು. ಎಂಜಿನ್ನು ತಣ್ಣಗಿರಲು ಒಳಗೆ ಫ್ರಿಜ್ಜಿನ ಕಾಯಿಲ್ ಕೂರಿಸಿದ್ದಾನೆ ಎಂದು ಟೀ ಅಂಗಡಿಯವನು ಆಣೆ ಮಾಡುತ್ತಿದ್ದ. ಇಲ್ಲ, ಗಾಳಿಯೇ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವಂತೆ ಸಣ್ಣ ರೆಕ್ಕೆ ಬಡಿದಿದ್ದಾನೆ, ಅದಕ್ಕೇ ತಿರುವಿನಲ್ಲಿ ಜಾರುವುದಿಲ್ಲ ಎಂದು ಹೊಳಲ್ಕೆರೆಯಿಂದ ಬಂದವರು ವಾದಿಸುತ್ತಿದ್ದರು.

ಚಿಕ್ಕತಿಮ್ಮಪ್ಪನದು ಹಾಗೆ ಬಾಯಿಗೆ ಬಂದ ಮಾತಲ್ಲ. ಅವನು ಹಿರಿಯೂರಿನ ಹೈವೇ ಪಕ್ಕದಲ್ಲಿ ನಲವತ್ತು ವರ್ಷದಿಂದ ರೇಡಿಯೇಟರ್ ರಿಪೇರಿ ಮಾಡುವವನು. ಎರಡು ವರ್ಷದ ಹಿಂದೆ ಆ ಧೂಳಿನಲ್ಲೇ ಕಣ್ಣು ಕಿರಿದು ಮಾಡಿ ಒಂದು ಸಂಗತಿ ಪತ್ತೆ ಹಚ್ಚಿದ್ದ. ಯೋಗೇಶನ ಬಾನೆಟ್ಟು ಗಾಜಿನ ಕಡೆ ಪೂರ್ತಿ ಕೂತಿರಲಿಲ್ಲ, ಎರಡು ಬೆರಳಿನಷ್ಟು ಎದ್ದಿತ್ತು. ಎಂಜಿನ್ನಿನ ಬಿಸಿಗಾಳಿ ಆ ಸಂದಿನಿಂದ ಹೊರಗೆ ಓಡಿಹೋಗುತ್ತದೆ, ಇದೇ ಗುಟ್ಟು ಎಂದು ನಿಂತಲ್ಲೇ ತೀರ್ಮಾನಿಸಿ, ಹೋದ ವರ್ಷ ರಮ್ಯಾಳ ಕಾರಿನ ಬಾನೆಟ್ಟನ್ನೂ ವಾಷರು ಕೊಟ್ಟು ಎರಡು ಬೆರಳು ಎತ್ತಿದ್ದ.

ರಮ್ಯಾ ಅವನ ತಂಗಿಯ ಮಗಳು, ಹಿರಿಯೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ವಾರವೆಲ್ಲ ಹೆದರುಪುಕ್ಕಲರಿಗೆ ಕ್ಲಚ್ಚು ಬಿಡುವುದನ್ನು ಕಲಿಸುವ ಹಳೆಯ ಬಿಳಿ ಮಾರುತಿಯನ್ನೇ ರೇಸಿಗೂ ತರುತ್ತಾಳೆ. ಮೂರು ವರ್ಷ ತಂದಳು, ಒಂದು ವರ್ಷವೂ ಆರು ಸುತ್ತು ಮುಗಿಸಲಿಲ್ಲ. ಮೊದಲೆರಡು ವರ್ಷ ಐದನೇ ಸುತ್ತಿನಲ್ಲಿ ನೀರು ಕುದಿದು ಕಾರು ನಿಂತಿತು. ಬಾನೆಟ್ಟು ಎತ್ತಿದ ವರ್ಷ ನಾಲ್ಕರಲ್ಲೇ ನಿಂತಿತು. "ಚಿಕ್ಕತಿಮ್ಮಪ್ಪನ ರೇಡಿಯೇಟರ್ ಮೇಲೆ ಅನ್ನಕ್ಕಿಟ್ರೆ ಎರಡು ಸುತ್ತಿಗೆ ಬೇಯ್ತೈತೆ" ಎಂಬ ಮಾತು ಹಿರಿಯೂರು ಬಸ್‌ಸ್ಟ್ಯಾಂಡಿನವರೆಗೂ ಹೋಯಿತು. ಅವನು ತಪ್ಪನ್ನು ರಮ್ಯಾಳ ಮೇಲೆ ಹಾಕಿದ. ಗೇರು ಎಳೆದಳು, ತಿರುವಿನಲ್ಲಿ ಕಾಲು ಎತ್ತಲಿಲ್ಲ, ಇತ್ಯಾದಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೊನ್ನಕ್ಕ ಆಗ ಅಂದಿದ್ದಳು. ಯಾರಿಗೆ ಅಂದೆ ಎಂದು ಅವನು ಕೇಳುವ ಗೋಜಿಗೆ ಹೋಗಲಿಲ್ಲ.

ಟ್ರಯಲ್ ಮುಗಿಸಿದ ರಮ್ಯಾ ಹೆಲ್ಮೆಟ್ ಕಂಕುಳಲ್ಲಿ ಇರುಕಿಕೊಂಡು ಬಂದಳು. ರೆಪ್ಪೆಯ ಮೇಲೂ ಕೆಂಪು ಮಣ್ಣು.

"ಮೂರೇ ಸುತ್ತಿಗೆ ಬಿಸಿ ತೋರ್ಸೋ ಮುಳ್ಳು ಮೇಲಕ್ಕೆ ಹೋಯ್ತು ಮಾವ. ಒಂದ್ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ್ರಿ. ನಾಳೆನೂ ನೀರು ಕುದಿದ್ರೆ ಇದೇ ಕೊನೆ. ಇನ್ನು ನಾನು ರೇಸಿಗೆ ಬರಲ್ಲ. ನನ್ ಹತ್ರ ಕಲಿಯೋರೇ ಕೇಳ್ತಾರೆ, ಮೇಡಂ, ಅರ್ಧ ದಾರೀಲಿ ನಿಲ್ಸೋದು ಯಾವಾಗ ಕಲಿಸ್ತೀರಿ ಅಂತ."

ಅವಳು ನಗುತ್ತಲೇ ಹೇಳಿದಳು. ಬೈದಿದ್ದರೆ ಚಿಕ್ಕತಿಮ್ಮಪ್ಪನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಹತ್ತು ವರ್ಷದವಳಿದ್ದಾಗ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಹಿಡಿಯಲು ಕಲಿಸಿದವನು ಅವನೇ.

"ಎರಡು ಬೆರಳು ಸಾಲ್ದು ಅಂತ ಕಾಣ್ತೈತೆ," ಎಂದ ಎದ್ದು ನಿಂತು. "ಮೂರು ಎತ್ತಾಣ."

ಹೊನ್ನಕ್ಕನ ಅಣ್ಣ ಚಿತ್ರಲಿಂಗಪ್ಪನ ಮನೆ ಬಾಗೂರಿನಲ್ಲೇ. ಊರ ಹಿಂದಿನ ದಿಬ್ಬದ ಮೇಲೆ ಅವನ ಕಣ. ಸುಗ್ಗಿಯಲ್ಲಿ ಸುತ್ತಲ ನಾಲ್ಕು ಊರಿನವರು ರಾಗಿ ತೂರಲು ಅಲ್ಲಿಗೇ ಬರುತ್ತಾರೆ, ಯಾಕೆಂದರೆ ಬೇರೆಲ್ಲೂ ಇಲ್ಲದ ಗಾಳಿ ಅಲ್ಲಿರುತ್ತದೆ. ಆಷಾಢದಲ್ಲಂತೂ ಕೇಳುವುದೇ ಬೇಡ, ತಲೆಯ ಮೇಲಿನ ಟವೆಲ್ಲು ಪಕ್ಕದ ಹೊಲದಲ್ಲಿರುತ್ತದೆ. ಮಧ್ಯಾಹ್ನ ಮುದ್ದೆ ಉಂಡು ಕಾರನ್ನು ಆ ಕಣಕ್ಕೆ ತಂದು ನಿಲ್ಲಿಸಿದರು. ಚಿಕ್ಕತಿಮ್ಮಪ್ಪ ಸ್ಪಾನರು ಹಿಡಿದು ಬಾನೆಟ್ಟಿನ ಹಿಂಬದಿಯನ್ನು ಇನ್ನೊಂದು ಬೆರಳು ಎತ್ತುತ್ತ, ಬಿಸಿಗಾಳಿ ಹೇಗೆ ಹಗುರ, ಹಗುರವಾದದ್ದು ಹೇಗೆ ಮೇಲಕ್ಕೆ, ಹಿಂದಕ್ಕೆ ಹೋಗುತ್ತದೆ ಎಂದು ವಿವರಿಸತೊಡಗಿದ. ಯೋಗೇಶನ ಕಂಬಳಿಯ ಕೆಳಗೆ ಇನ್ನೂ ಏನೇನಿರಬಹುದು ಎಂಬುದಕ್ಕೆ ಅವನ ಹತ್ತಿರ ಮೂರು ಊಹೆಗಳಿದ್ದವು, ಮೂರನ್ನೂ ಹೇಳಿದ.

ಕಣದ ಅಂಚಿನಲ್ಲಿ ಕಾಲು ಚಾಚಿ ಕೂತಿದ್ದ ಹೊನ್ನಕ್ಕ ಎಲೆಯಡಿಕೆ ಉಗಿದು ಬಂದಳು.

"ಗಾಳಿ ಎಲ್ಲಿಂದ ಎಲ್ಲಿಗೆ ಹೋಗ್ತೈತೆ ಅಂತ ಬಾಯಾಗೆ ಹೇಳಿದ್ರೆ ಆಗುತ್ತಾ? ತೂರಿ ನೋಡಬೇಕಪ್ಪ."

"ಕಾರು ತೂರ್ತೀಯೇನು?"

"ಕಾರಲ್ಲ. ಹೊಟ್ಟು."

ಅವಳು ಮಾತಿಗೆ ಅಂದದ್ದಲ್ಲ. ಅಣ್ಣನ ಕೊಟ್ಟಿಗೆಯಿಂದ ಒಂದು ಚೀಲ ರಾಗಿ ಹೊಟ್ಟು, ಒಂದು ಮೊರ, ಒಂದು ಎತ್ತರದ ಸ್ಟೂಲು ತರಿಸಿದಳು. ಕಾರಿನ ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಲು ರಮ್ಯಾಳಿಗೆ ಹೇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಮುಂದೆ ಸ್ಟೂಲು ಹತ್ತಿ, ಗಾಳಿ ಒಂದೇ ಸಮ ಬರುವವರೆಗೆ ಕಾದಳು. ಐವತ್ತು ಸುಗ್ಗಿ ಕಂಡ ಕೈ. ಮೊರ ಅಲುಗಿದ್ದೇ ಕಾಣಲಿಲ್ಲ, ಹೊಟ್ಟು ಮಾತ್ರ ತೆಳ್ಳಗೆ ಇಳಿಯತೊಡಗಿತು.

ಗಾಳಿ ಕಣ್ಣಿಗೆ ಕಾಣುವುದನ್ನು ಚಿಕ್ಕತಿಮ್ಮಪ್ಪ ಅವತ್ತೇ ಮೊದಲು ನೋಡಿದ್ದು. ಹೊಟ್ಟು ಕಾರಿನ ಮೂತಿಗೆ ಬಂದು, ಕುರಿಗಳು ಬೇಲಿ ಹಾರಿದ ಹಾಗೆ ಒಂದರ ಹಿಂದೊಂದು ಮೇಲಕ್ಕೆ ನೆಗೆಯಿತು. ಬಾನೆಟ್ಟಿನ ನಡುವೆ ಮತ್ತೆ ತಗ್ಗಿಗೆ ಇಳಿಯಿತು. ಗಾಜಿನ ಬುಡಕ್ಕೆ ಬಂದು ಒತ್ತೊತ್ತಾಗಿ ಸೇರಿತು. ಅಲ್ಲಿ, ಅವನು ಈಗಷ್ಟೇ ಮೂರು ಬೆರಳು ಎತ್ತಿದ ಸಂದಿನೊಳಗೆ, ಸಂತೆಗೆ ಹೊರಟವರ ಹಾಗೆ ಸಾಲಾಗಿ ನುಗ್ಗಿತು.

ರಮ್ಯಾ ಬಾನೆಟ್ಟು ಎತ್ತಿದಳು. ಎಂಜಿನ್ನಿನ ಮೇಲೆಲ್ಲ ಹೊಟ್ಟು.

"ಹೊರಗೆ ಹೋಗ್ಬೇಕಾದ ದಾರೀಲಿ ಒಳಗೆ ಬರ್ತೈತಲ್ಲ ಮಾವ."

"ಇದು ಹಳೇ ಹೊಟ್ಟು," ಎಂದ ಚಿಕ್ಕತಿಮ್ಮಪ್ಪ. "ಇನ್ನೊಂದ್ಸಲ ತೂರು."

ಹೊನ್ನಕ್ಕ ಇನ್ನೊಂದು ಸಲ ತೂರಿದಳು. ಆಮೇಲೆ ಸ್ಟೂಲು ಎಡಕ್ಕೆ ಹಾಕಿ ತೂರಿದಳು, ಬಲಕ್ಕೆ ಹಾಕಿ ತೂರಿದಳು. ಹೊಟ್ಟು ಹಳೆಯದಾದರೂ ಹಟದಲ್ಲಿ ಚಿಕ್ಕತಿಮ್ಮಪ್ಪನಿಗೆ ಕಡಿಮೆಯಿರಲಿಲ್ಲ, ಪ್ರತಿ ಸಲವೂ ಅದೇ ಸಂದಿಗೆ ನುಗ್ಗಿತು. ಕೊನೆಗೆ ಅವಳು ಕೆಳಗಿಳಿದು, ಒಂದು ಹಿಡಿ ಹೊಟ್ಟನ್ನು ಮೂತಿಯಿಂದ ಒಂದು ಗೇಣು ಹಿಂದೆ ಬಾನೆಟ್ಟಿನ ಮೇಲೆಯೇ ಇಟ್ಟಳು. ಕೈ ತೆಗೆಯುವಷ್ಟರಲ್ಲಿ ಅದು ನೆಟ್ಟಗೆ ಮೇಲೆದ್ದು ಹಾರಿಹೋಯಿತು.

"ನೋಡು. ಇಷ್ಟು ಜಾಗದಾಗೆ ಹೊಟ್ಟು ಕೂರಂಗೇ ಇಲ್ಲ. ಗಾಳಿ ಮೇಲಕ್ಕೆ ಎಳ್ಕಂತೈತೆ. ನಿನ್ನ ಬಿಸಿ ಹೊರಗೆ ಹೋಗ್ಬೇಕು ಅಂದ್ರೆ ಇಲ್ಲಿ ಬಾಗ್ಲು ಮಾಡು. ಅಲ್ಲಿ ಹಿಂದೆ ಯಾಕೆ ಮಾಡ್ತೀಯ?"

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಮೂವತ್ತೈದು ವರ್ಷ ಜೊತೆಗೆ ಉಂಡ ಹೆಂಡತಿಗೆ ಗಾಳಿಯ ಓಡಾಟ ಗೊತ್ತಿರಬಹುದು ಎಂದು ಚಿಕ್ಕತಿಮ್ಮಪ್ಪನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು. ಯಾರದೋ ಕಾರನ್ನು ಧೂಳಿನಲ್ಲಿ ಕದ್ದು ನೋಡಿ, ಅವನ ಗುಟ್ಟು ಇದೇ ಎಂದು ಊಹಿಸಿ, ಎಂಜಿನ್ನಿಗೆ ಉಸಿರು ಕಟ್ಟಿಸಿದವನು ತಾನು. ಬೈಸಿಕೊಂಡವಳು ರಮ್ಯಾ.

"ಹೋದ ವರ್ಷದ್ದು ನಂದೇ ತಪ್ಪು ಕಣವ್ವ," ಎಂದ. "ನಿನ್ನ ಗೇರಿಂದಲ್ಲ."

ರಮ್ಯಾ ಅವನ ಚೀಲದಿಂದ ಉಳಿ ಸುತ್ತಿಗೆ ತೆಗೆದು ಕೈಗೆ ಕೊಟ್ಟಳು. ಅವನು ಅಂಗಡಿಯಲ್ಲಿ ಸೋರುವುದನ್ನು ಮುಚ್ಚಿದವನೇ ಹೊರತು ಗಟ್ಟಿಯಿದ್ದ ತಗಡಿಗೆ ಎಂದೂ ತೂತು ಹೊಡೆದವನಲ್ಲ. ಮೊದಲ ಏಟಿಗೆ ಉಳಿ ಜಾರಿ ಬಣ್ಣವನ್ನಷ್ಟೇ ಕೆರೆಯಿತು. ಎರಡನೇ ಏಟಿಗೆ ಹೊನ್ನಕ್ಕ "ಕೋಳಿ ಕೊಯ್ಯೋರಂಗೆ ಮುಖ ಮಾಡ್ಬ್ಯಾಡ" ಅಂದಳು, ಎಲ್ಲರೂ ನಕ್ಕರು, ಕೈ ಸರಿಹೋಯಿತು. ಗೇಣಗಲ, ಮೊಳ ಉದ್ದ ಕತ್ತರಿಸಿ, ಎದುರುಗಾಳಿ ತೂತಿನೊಳಗೆ ಬೀಳದಂತೆ ಮುಂದಿನ ಅಂಚನ್ನು ಸ್ವಲ್ಪ ಮೇಲಕ್ಕೆ ಬಗ್ಗಿಸಿದ. ವಾಷರುಗಳನ್ನು ಬಿಚ್ಚಿ ಬಾನೆಟ್ಟಿನ ಹಿಂಬದಿಯನ್ನು ಅದರ ಜಾಗಕ್ಕೆ ಕೂರಿಸಿದ. ಆಮೇಲೆ ಹೊತ್ತು ಮುಳುಗುವವರೆಗೆ ಮೂವರೂ ಕೂತು, ಚಿತ್ರಲಿಂಗಪ್ಪನ ಸೈಕಲ್ ಪಂಪಿನಿಂದ ಎಂಜಿನ್ನಿನ ಸಂದುಗೊಂದುಗಳ ಹೊಟ್ಟು ಊದಿ ತೆಗೆದರು.

ಭಾನುವಾರ ಬೆಳಿಗ್ಗೆ ಬಿಳಿ ಮಾರುತಿ ಬಯಲಿಗೆ ಬಂದಾಗ ಅದರ ಬಾನೆಟ್ಟಿನ ಮೇಲೂ ಒಂದು ಹೊದಿಕೆಯಿತ್ತು. ಹೊನ್ನಕ್ಕನ ಅತ್ತಿಗೆಯ ಕೌದಿ, ಹಸಿರು ಕೆಂಪು ಚೌಕಗಳದ್ದು. ಅದನ್ನು ಹೊದಿಸಿದ್ದು ಹೊನ್ನಕ್ಕನೇ. "ಅವರಷ್ಟೇ ಏನು ಮುಚ್ಚೋದು?" ಎಂದಿದ್ದಳು. ಅರ್ಧ ಗಂಟೆಯೊಳಗೆ ಟೀ ಅಂಗಡಿಯ ಮುಂದೆ ಫ್ರಿಜ್ಜಿನ ಕಾಯಿಲ್ಲು ಕೆಂಪು ಕಾರಿನಿಂದ ಬಿಳಿ ಕಾರಿಗೆ ವರ್ಗವಾಗಿತ್ತು. ಯೋಗೇಶನ ಕಡೆಯವರಿಬ್ಬರು ಬೀಡಿ ಹಚ್ಚುವ ನೆಪದಲ್ಲಿ ಎರಡು ಸಲ ಸುತ್ತು ಹಾಕಿ ಹೋದರು.

ಹನ್ನೊಂದಕ್ಕೆ ಬಾವುಟ ಬಿತ್ತು, ಕಂಬಳಿಯೂ ಕೌದಿಯೂ ಜಾರಿದವು. ಒಂಬತ್ತು ಕಾರುಗಳು ಎಬ್ಬಿಸಿದ ಧೂಳಿನಲ್ಲಿ ಬಯಲೇ ಮುಚ್ಚಿಹೋಯಿತು. ನೀರು ತಣ್ಣಗಿದ್ದರೆ ಬಲಗೈ ಹೊರಗೆ ಚಾಚುತ್ತೇನೆ ಎಂದು ರಮ್ಯಾ ಹೇಳಿದ್ದಳು. ಮೊದಲ ಸುತ್ತಿಗೆ ಕೈ ಚಾಚಿತು. ಎರಡಕ್ಕೆ, ಮೂರಕ್ಕೆ ಚಾಚಿತು. ನಾಲ್ಕನೇ ಸುತ್ತಿನಲ್ಲಿ, ಹೋದ ವರ್ಷ ಆವಿ ಎದ್ದ ಬೇವಿನ ಮರದ ತಿರುವಿಗೆ ಬಿಳಿ ಕಾರು ಹೋದಾಗ ಚಿಕ್ಕತಿಮ್ಮಪ್ಪ ಕಣ್ಣು ಮುಚ್ಚಿಕೊಂಡ. "ದಾಟ್ತು, ತಗಿ ಕಣ್ಣು," ಎಂದು ಹೊನ್ನಕ್ಕ ಪಕ್ಕೆಗೆ ತಿವಿದಳು.

ರಮ್ಯಾ ಐದನೇ ಸುತ್ತಿನಲ್ಲಿದ್ದಾಗ ಯೋಗೇಶ ಆರನ್ನೂ ಮುಗಿಸಿ ಗೆದ್ದ. ಗೆದ್ದವನು ಗೆದ್ದರೂ ಉಳಿದವರು ತಮ್ಮ ಆರು ಸುತ್ತು ಮುಗಿಸಬೇಕು, ಮುಗಿಸಿದವರ ಹೆಸರನ್ನು ಮೈಕಿನಲ್ಲಿ ಕೂಗಬೇಕು ಎಂಬುದು ಆ ಬಯಲಿನ ಪದ್ಧತಿ. ಕೆಂಪು ಕಾರು ಚಿಕ್ಕತಿಮ್ಮಪ್ಪ ನಿಂತ ಜಾಗದಿಂದ ಹತ್ತು ಹೆಜ್ಜೆ ಹಿಂದೆ ಬಂದು ನಿಂತಿತು, ನಿಂತದ್ದೇ ಬುಸ್ಸೆಂದು ಆವಿ ಉಗುಳಿತು. ಕಂಬಳಿ ತಂದವರು ಅದನ್ನು ಎಸೆದು ದೂರ ಓಡಿದರು. ಬಾನೆಟ್ಟು ತೆರೆಯದೆ ಬೇರೆ ದಾರಿಯಿರಲಿಲ್ಲ. ಜನ ಮುತ್ತಿಕೊಂಡರು.

"ಚಿಕ್ಕತಿಮ್ಮಪ್ಪಾ, ಬಾರೋ, ತಗ್ದವ್ರೆ! ಕಾಣ್ತೈತೆ ಬಾ!"

ಮೂರು ವರ್ಷ ಅವನು ಉಂಡದ್ದು, ಮಲಗಿದ್ದು, ಕನಸು ಕಂಡದ್ದು ಆ ಬಾನೆಟ್ಟಿನ ಮೇಲೆಯೇ. ಕತ್ತು ತಿರುಗಿಸಿದರೆ ಸಾಕಿತ್ತು. ಆದರೆ ಎದುರಿಗೆ ಬಿಳಿ ಕಾರು ಆರನೇ ಸುತ್ತಿಗೆ ಹೊರಳುತ್ತಿತ್ತು, ಕಿಟಕಿಯಿಂದ ಒಂದು ಕೈ ಹೊರಗೆ ಚಾಚಿತ್ತು. ಅವನು ಕತ್ತು ತಿರುಗಿಸಲಿಲ್ಲ.

ಹೊನ್ನಕ್ಕ ಹೋಗಿ ನೋಡಿಕೊಂಡು ಬಂದಳು. ಅವಳ ಹಿಂದೆ ಯೋಗೇಶನೂ ಮುಖ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತ.

"ಏನೂ ಇಲ್ಲ," ಎಂದಳು ಹೊನ್ನಕ್ಕ. "ತೆಂಗಿನ ಗೊನೆ ಬಿದ್ದು ತಗ್ಗಾಗೈತೆ, ಅಷ್ಟೇ. ಅದಕ್ಕೇ ಹಿಂದೆ ಕೂರಲ್ವಂತೆ."

"ನಮ್ಮಪ್ಪ ಕಾರು ಕೊಟ್ಟ ಮೂರನೇ ದಿನ ತ್ವಾಟದಾಗೆ ನಿಲ್ಸಿದ್ದೆ," ಎಂದ ಯೋಗೇಶ, ನಾಚಿಕೆಯಿಂದ. "ಅಪ್ಪ ನೋಡ್ದಂಗೆ ಇರ್ಲಿ ಅಂತ ಕಂಬ್ಳಿ ಹಾಕ್ದೆ. ಜನ ಏನೇನೋ ಮಾತಾಡಾಕೆ ಹತ್ತಿದ್ರು. ಆಮೇಲೆ ತಗಿಯಾಕೆ ಮನ್ಸು ಬರ್ಲಿಲ್ಲ."

"ಮತ್ತೆ ನಿಂದು ಕುದಿಯಲ್ಲ ಅಂತಾರಲ್ಲಪ್ಪ?" ಚಿಕ್ಕತಿಮ್ಮಪ್ಪ ಕಣ್ಣು ಹಾದಿಯಿಂದ ಕೀಳದೆ ಕೇಳಿದ.

"ದಿನಾ ಕುದೀತೈತೆ ಕಣಣ್ಣ. ಕುದಿಯಾದ್ರೊಳಗೆ ನಾನು ಮುಗಿಸ್ಬಿಡ್ತೀನಿ, ಅಷ್ಟೇ." ಅವನೂ ಬಿಳಿ ಕಾರನ್ನೇ ನೋಡುತ್ತಿದ್ದ. "ಅದ್ಸರಿ, ನಿಮ್ಮ ತೂತು ಯಾರ ಐಡಿಯಾ? ಯಾವ ಎಂಜಿನಿಯರು?"

ಚಿಕ್ಕತಿಮ್ಮಪ್ಪ ಹೆಂಡತಿಯ ಭುಜ ಹಿಡಿದು ಮುಂದಕ್ಕೆ ತಳ್ಳಿದ. ಅಷ್ಟರಲ್ಲಿ ಬಿಳಿ ಮಾರುತಿ ಸುಣ್ಣದ ಗೆರೆ ದಾಟಿತು. ಮೈಕು ಹಿಡಿದ ಶಿವಯ್ಯನ ಗಂಟಲು ಬಯಲಿನ ಉದ್ದಕ್ಕೂ ಮೊಳಗಿತು: "ಹಿರಿಯೂರಿನ ರಮ್ಯಾ! ಆರು ಸುತ್ತು! ಏಳನೇ ಸ್ಥಾನ!"

ಜನ ಶಿಳ್ಳೆ ಹೊಡೆದರು. ಕಾರು ನಿಲ್ಲಲಿಲ್ಲ. ಗೆರೆ ದಾಟಿದ ಮೇಲೆ ಏನು ಮಾಡಬೇಕು ಎಂದು ರಮ್ಯಾಳಿಗೆ ಗೊತ್ತಿರಲಿಲ್ಲ. ಯಾವತ್ತೂ ಅಲ್ಲಿಯವರೆಗೆ ಬಂದವಳಲ್ಲ. ಅವಳು ಅದೇ ವೇಗದಲ್ಲಿ ಮುಂದಿನ ತಿರುವಿಗೆ ಹೋದಳು.

"ಮುಗೀತಮ್ಮಾ, ನಿಲ್ಸಮ್ಮಾ," ಎಂದು ಶಿವಯ್ಯ ಮೈಕಿನಲ್ಲೇ ಬೇಡಿಕೊಂಡ. "ಚಿಕ್ಕತಿಮ್ಮಪ್ಪ, ಕೈ ತೋರ್ಸಿ ನಿಲ್ಲಿಸ್ರಿ ಆಯಮ್ಮನ್ನ!"

"ಬಿಡ್ರಿ, ಓಡ್ಲಿ," ಎಂದ ಚಿಕ್ಕತಿಮ್ಮಪ್ಪ. ಶಿಳ್ಳೆಗಳ ನಡುವೆ ಅದು ಯಾರಿಗೂ ಕೇಳಿಸಲಿಲ್ಲ.

ಉಳಿದ ಕಾರುಗಳೆಲ್ಲ ಮುಗಿಸಿಯೋ ಕೆಟ್ಟೋ ಅಲ್ಲಲ್ಲೇ ನಿಂತಿದ್ದರಿಂದ ಬಯಲಿನ ಧೂಳು ನಿಧಾನವಾಗಿ ಕೆಳಗೆ ಕೂತಿತು. ಖಾಲಿ ಹಾದಿಯಲ್ಲಿ ಬಿಳಿ ಕಾರೊಂದೇ ಏಳನೇ ಸುತ್ತು ಹೊಡೆಯುತ್ತಿತ್ತು, ಅದರ ಮೂತಿಯ ಹಿಂದೆ ಒಂದು ಗೇಣು ಜಾಗದಲ್ಲಿ ಬಿಸಿಗಾಳಿ ಬಿಸಿಲುಗುದುರೆಯಂತೆ ನಡುಗುತ್ತ ಮೇಲೇಳುತ್ತಿತ್ತು.