ಗಂದೆ ಏಳದ ತೋಳು

ಅಂಜನಾಪುರದ ಕಾಲುವೆಗೆ ನೀರು ಬಿಟ್ಟರೆ ಗದ್ದೆಗೆ ಜೀವ ಬರುತ್ತದೆ. ಅದರ ಬೆನ್ನಿಗೇ ಸೊಳ್ಳೆಯೂ ಬರುತ್ತದೆ. ನೀಲಾಂಬಿಕಳ ಮನೆಯಲ್ಲಿ ಇದ್ದುದು ಒಂದೇ ಸೊಳ್ಳೆಪರದೆ. ಅದು ಯಾರಿಗೆ ಎಂದು ತೀರ್ಮಾನಿಸಲು ಅವಳು ಒಂದು ದಾರಿ ಕಂಡುಕೊಂಡಿದ್ದಳು. ಬೆಳಿಗ್ಗೆ ಎದ್ದವರ ತೋಳು ನೋಡುವುದು. ಯಾರಿಗೆ ಗಂದೆ ಎದ್ದಿದೆಯೋ ಪರದೆ ಅವರಿಗೆ.

ಹಾಗಾಗಿ ಪರದೆ ಕಿರಿಯ ಮಗ ಚನ್ನೇಶನ ಪಾಲಾಗಿ ಜಗಲಿ ಸೇರಿತ್ತು. ದಾವಣಗೆರೆಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗ. ಅಣ್ಣ ಕೊಟ್ರೇಶ್ ಜ್ವರದಲ್ಲಿ ತೀರಿಕೊಂಡ ಮೇಲೆ ಗದ್ದೆ ನೋಡಲು ಊರಿಗೆ ಬಂದಿದ್ದ. ಒಂದು ಸೊಳ್ಳೆ ಕೂತರೂ ಅವನಿಗೆ ಮೈಯೆಲ್ಲ ದದ್ದು. ಅವನ ಹೆಂಡತಿ ಗಂಗಾಶ್ರೀ ತಾಳಗುಂದದಲ್ಲಿ ಗದ್ದೆ ಬದಿಯಲ್ಲೇ ಬೆಳೆದವಳು. ಈಗ ತುಂಬು ಬಸುರಿ. ಒಳಕೋಣೆಯಲ್ಲಿ ಅತ್ತೆಯ ಪಕ್ಕ ಬರೀ ಚಾಪೆಯ ಮೇಲೆ ಮಲಗುತ್ತಿದ್ದಳು. ಅವಳ ತೋಳಿನಲ್ಲಿ ಒಂದು ಗಂದೆಯೂ ಕಾಣುತ್ತಿರಲಿಲ್ಲ. ತನ್ನದೂ ಸೊಸೆಯದೂ ಸೊಳ್ಳೆ ಮುಟ್ಟದ ಬೇವಿನ ರಕ್ತ ಎಂದು ನೀಲಾಂಬಿಕ ಕೇರಿಯಲ್ಲಿ ಹೇಳಿಕೊಳ್ಳುವಳು. ಕೊಟ್ರೇಶನದೂ ಹಾಗೇ ಇತ್ತು ಎನ್ನುವಾಗ ಮಾತ್ರ ದನಿ ಇಳಿಯುತ್ತಿತ್ತು.

ನಾಟಿ ಮುಗಿದ ಮೇಲೆ ಆರೋಗ್ಯ ಸಹಾಯಕ ಹುಲಿಯಪ್ಪ, ಸೊಳ್ಳೆಯ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರರ ಜೊತೆ ಬಂದು ಮನೆಯವರ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋಗಿದ್ದ. ಕೊಯ್ಲಿನ ಹೊತ್ತಿಗೆ ಮತ್ತೆ ಬಂದ. ಸೊರಬದ ಕಡೆಯವನು, ಮಾತು ನಿಧಾನ. ಜಗಲಿಯ ಪರದೆಯನ್ನು ನೋಡಿ, ಇದು ಒಳಗೆ ಇರಬೇಕಿತ್ತು ಎಂದ. ರಕ್ತ ಪರೀಕ್ಷೆಯ ಪ್ರಕಾರ ಈ ಮನೆಯಲ್ಲಿ ಹೆಚ್ಚು ಸೊಳ್ಳೆ ಕಚ್ಚಿರುವುದು ಗಂಗಾಶ್ರೀಗೆ ಎಂದೂ ಹೇಳಿದ.

ನೀಲಾಂಬಿಕ ನಕ್ಕುಬಿಟ್ಟಳು. ಸೊಸೆಯ ತೋಳನ್ನು ಬೆಳಕಿಗೆ ಎಳೆದಳು. "ಎಲ್ಲೈತೆ ತೋರ್ಸಪ್ಪ? ನಿಮ್ಮ ಡಾಕ್ಟ್ರು ಯಾರ ರಕ್ತಾನೋ ಯಾರಿಗೋ ಹಚ್ಚಿದಾರೆ."

ಹುಲಿಯಪ್ಪ ಕೂತು ಬಿಡಿಸಿ ಹೇಳಿದ. ಸೊಳ್ಳೆ ರಕ್ತ ಹೀರುವಾಗ ತನ್ನ ಎಂಜಲನ್ನು ಚೂರು ಒಳಗೆ ಬಿಡುತ್ತದೆ. ಮೈ ಅದನ್ನು ಗುರುತು ಹಿಡಿದು, ಅದರ ಎದುರಿಗೆ ರಕ್ತದಲ್ಲಿ ಒಂದು ಅಂಶ ಹುಟ್ಟಿಸುತ್ತದೆ. ಹೆಚ್ಚು ಕಚ್ಚಿಸಿಕೊಂಡವರಲ್ಲಿ ಸಾಮಾನ್ಯವಾಗಿ ಆ ಅಂಶವೂ ಹೆಚ್ಚು. ಡಾಕ್ಟರರು ಅಳೆದದ್ದು ಅದನ್ನೇ.

"ಗಂದೆ ಅಂದ್ರೆ ಚರ್ಮ ಕೂಗಿಕೊಳ್ಳೋದು, ಅಮ್ಮಾರೆ. ವರ್ಷಾನುಗಟ್ಟಲೆ ಕಚ್ಚಿಸ್ಕೊಂಡ್ರೆ ಕೆಲವರ ಚರ್ಮ ಕೂಗೋದನ್ನೇ ಬಿಡ್ತದೆ. ಸೊಳ್ಳೆ ಕಚ್ಚೋದು ಬಿಟ್ಟಿರಲ್ಲ."

"ಹಂಗಾದ್ರೆ ರಕ್ತ ಗಟ್ಟಿಯಾಗೈತೆ ಅಂತಾಯ್ತಲ್ಲ. ಇನ್ನು ಜ್ವರ ಎಲ್ಲಿಂದ ಬರ್ತೈತೆ?"

"ಅದು ಎಂಜಲಿಗೆ ಹುಟ್ಟಿದ್ದು. ಮಲೇರಿಯಾನ ತಡಿಯಲ್ಲ. ಬಸುರೀಲಿ ಬಂತೋ, ತಾಯೀನೂ ಕಳ್ಕೋಬಹುದು, ಮಗೂನೂ ಕಳ್ಕೋಬಹುದು."

ನೀಲಾಂಬಿಕ ಸೊಸೆಯ ತೋಳನ್ನು ಬಿಡಲಿಲ್ಲ. ನೀರು ತಿರುಗಿಸಲು ಕೊಟ್ರೇಶ್ ಗದ್ದೆಯ ಬದುವಿನ ಮೇಲೇ ಮಲಗುತ್ತಿದ್ದ. ಮೈಮೇಲೆ ಗಂದೆ ಇಲ್ಲವೆಂದು ಅವಳು ಅವನ ಕೈಗೆ ಪರದೆ ಕೊಟ್ಟಿರಲಿಲ್ಲ. ಚಳಿಜ್ವರ ಬಂದಾಗ ಕಷಾಯ ಕಾಸಿ ಕಾದಿದ್ದಳು. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರು ಮಲೇರಿಯಾ ಎಂದಾಗ, ಮಗನ ಮೈಮೇಲೆ ಒಂದು ಕಚ್ಚಿದ ಗುರುತು ತೋರಿಸಿ ಎಂದು ಜಗಳ ತೆಗೆದಿದ್ದಳು. ಆ ಜಗಳವನ್ನು ಇವತ್ತಿನವರೆಗೂ ಬಿಟ್ಟುಕೊಟ್ಟಿರಲಿಲ್ಲ.

"ಕೊಟ್ರೇಶಂಗೂ ಹಿಂಗೇ ಆಗಿತ್ತೇನಪ್ಪ?"

"ಈಗ ಹೇಳಕ್ಕಾಗಲ್ಲಮ್ಮ. ಆಗಿರಬಹುದು."

ಚನ್ನೇಶ್ ಆಗಲೇ ಎದ್ದು ಪರದೆಯ ಗಂಟು ಬಿಚ್ಚುತ್ತಿದ್ದ. ಶಿಕಾರಿಪುರದ ಸಂತೆಯಲ್ಲಿ ಇನ್ನೊಂದು ತರುವವರೆಗೆ ಮೈತುಂಬ ಹೊದ್ದು ಮಲಗುತ್ತೇನೆ ಎಂದ. ದೀಪ ಹಚ್ಚುವ ಹೊತ್ತಿಗೆ ಪರದೆ ಒಳಕೋಣೆಯಲ್ಲಿತ್ತು. ಗಂಗಾಶ್ರೀ ಒಳಗಿನಿಂದ ಅಂಚು ಎತ್ತಿ ಹಿಡಿದಳು. "ನೀವೂ ಬರ್ರಿ ಅತ್ತೆ. ಜಾಗ ಐತೆ."

ನೀಲಾಂಬಿಕ ದೀಪದ ಬಳಿ ತನ್ನ ತೋಳನ್ನು ತಿರುಗಿಸಿ ನೋಡಿಕೊಂಡಳು. ನುಣ್ಣಗಿತ್ತು. ಅದನ್ನು ಕಂಡು ಅವಳಿಗೆ ಮೊದಲ ಸಲ ಹೆದರಿಕೆಯಾಯಿತು. ಸೊಸೆಯ ಪಕ್ಕಕ್ಕೆ ಹೋಗಿ, ಅಂಚನ್ನು ಚಾಪೆಯಡಿ ಸಿಕ್ಕಿಸಿದಳು.

ಅಕ್ಕ, ಅಣ್ಣ, ನಿಮ್ಮ ತೋಳೂ ನುಣ್ಣಗಿರಬಹುದು. ಅದನ್ನು ನಂಬಬೇಡಿ. ಬಸುರಿಗೆ, ಮಗುವಿಗೆ ಮೊದಲು ಪರದೆ ಕಟ್ಟಿ. ಗದ್ದೆಯಲ್ಲಿ ಮಲಗುವವರ ಕೈಗೂ ಒಂದು ಕೊಟ್ಟು ಕಳಿಸಿ. ಚಳಿಜ್ವರ ಬಂದರೆ ಗಂದೆ ಹುಡುಕುತ್ತ ಕೂರದೆ ಅವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ತೋರಿಸಿ. ನೀಲಾಂಬಿಕಳ ಮನೆಗೆ ಈ ಮಾತು ಒಬ್ಬ ಮಗ ಹೋದ ಮೇಲೆ ಬಂತು. ನಿಮ್ಮ ಮನೆಗೆ ಇವತ್ತು ಬಂದಿದೆ.