ಚಿಕ್ಕಮ್ಮನ ಒಪ್ಪಿಗೆ ಪತ್ರ

ಮನೆಯವರೆಲ್ಲ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಕೇಳಿದ ಸುದ್ದಿ ಅವಳ ಹೊಟ್ಟೆಯಲ್ಲಿ ಹತ್ತು ನಿಮಿಷ ನಿಂತರೆ ಅದೇ ಹೆಚ್ಚು. ಅಂಥವಳನ್ನು ಬ್ಯಾಂಕಿನವರು ಮೂರನೇ ಕೌಂಟರಿನಲ್ಲಿ ಕೂರಿಸಿದ್ದರು, ನೋಡಿ! ಆರು ತಿಂಗಳ ಪರೀಕ್ಷಾ ಅವಧಿ. ಗ್ರಾಹಕರ ವಿಷಯ ಯಾರಿಗೂ ಹೇಳಕೂಡದು, ಅವರು ನಮ್ಮ ಗ್ರಾಹಕರೋ ಅಲ್ಲವೋ ಎನ್ನುವುದನ್ನೂ ಹೇಳಕೂಡದು, ಬಾಯಿಬಿಟ್ಟರೆ ಅವತ್ತೇ ಕೆಲಸ ಹೋಯಿತು ಎಂದು ಮ್ಯಾನೇಜರ್ ಸಹಿ ಹಾಕಿಸಿಕೊಂಡಿದ್ದರು.

ಐದು ತಿಂಗಳು ಹೇಗೋ ದಾಟಿತು. ಆರನೆಯ ತಿಂಗಳ ಮೊದಲ ಸೋಮವಾರ ಚಿಕ್ಕಮ್ಮ ಬಂದರು. ಗಂಡ ತೀರಿಕೊಂಡು ಹತ್ತು ವರ್ಷವಾಗಿದ್ದ, ಐವತ್ತೆರಡರ ಚಿಕ್ಕಮ್ಮ. ಗುರುತೇ ಇಲ್ಲದವರಂತೆ, ಖಾತೆಯ ವಿವರ ಬದಲಿಸುವ ಅರ್ಜಿಯೊಂದನ್ನು ಮುಂದೆ ತಳ್ಳಿದರು. ವೈವಾಹಿಕ ಸ್ಥಿತಿ: ವಿವಾಹಿತೆ. ಪತಿ: ಭಾನುವಾರ ತಪ್ಪದೆ ಅಪ್ಪನ ಜೊತೆ ಕೇರಂ ಆಡಲು ಬರುವ ಗಡಿಯಾರ ರಿಪೇರಿಯವರು! ಹೋದ ಗುರುವಾರದ ನೋಂದಣಿ ಪತ್ರವೂ ಜೊತೆಗಿತ್ತು.

"ಚಿಕ್ಕ..." ಎಂದಳು ರೇಡಿಯೋ.

"ಬೇಗ ಮಾಡಿ ಮೇಡಂ, ಹಿಂದೆ ಜನ ನಿಂತಿದ್ದಾರೆ," ಎಂದರು ಚಿಕ್ಕಮ್ಮ.

ಸಂಜೆ ಅಮ್ಮ ಕಾದು ಕೂತಿದ್ದರು. "ನನ್ನ ತಂಗಿ ನಿಮ್ಮ ಬ್ಯಾಂಕಿಗೆ ಬಂದಿದ್ಲಂತೆ. ಯಾಕಂತೆ?"

"ಬಂದಿದ್ರೋ ಇಲ್ವೋ, ಹೇಳೋ ಹಾಗಿಲ್ಲಮ್ಮ."

"ನನ್ನ ಒಡಹುಟ್ಟಿದೋಳು ಕಣೇ! ಪಾಪ, ಒಂಟಿ ಜೀವ."

ರೇಡಿಯೋಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ನಾಲ್ಕು ದಿನ ಅನ್ನ ರುಚಿಸಲಿಲ್ಲ. ಗೋಡೆಗಾದರೂ ಹೇಳೋಣವೆಂದು ಬಚ್ಚಲುಮನೆಗೆ ಹೋಗಿ ಜೋರಾಗಿ ನಲ್ಲಿ ಬಿಟ್ಟಳು. ಅಲ್ಲೂ ಮ್ಯಾನೇಜರ್ ಕಣ್ಣಮುಂದೆ ಬಂದರು. ನಲ್ಲಿ ನಿಲ್ಲಿಸಿ ತೆಪ್ಪಗೆ ಹೊರಬಂದಳು.

ಶುಕ್ರವಾರ ಚಿಕ್ಕಮ್ಮ ಮತ್ತೆ ಪ್ರತ್ಯಕ್ಷ.

"ನಾಲ್ಕು ಕೌಂಟರ್ ಇದ್ವಲ್ಲ, ನನ್ನ ಹತ್ರಾನೇ ಯಾಕೆ ಬಂದ್ರಿ?" ರೇಡಿಯೋ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ನೀನು ನಮ್ಮಿಬ್ಬರನ್ನ ಇವತ್ತಲ್ಲ ನಾಳೆ ಬೀದೀಲಿ ನೋಡೇ ನೋಡ್ತಿದ್ದೆ. ಆಮೇಲೆ ಊರೆಲ್ಲ ಡಂಗುರ. ಇಲ್ಲಿ ಗೊತ್ತಾದ್ರೆ ತಾನೇ ನಿನ್ನ ಬಾಯಿ ಬಂದ್? ಒಂದು ವಾರ ಯಾರ ಕಾಟಾನೂ ಇಲ್ದೆ ಇರಬೇಕು ಅನ್ನಿಸ್ತು ಕಣೇ."

ರೇಡಿಯೋಗೆ ಸಿಟ್ಟು ಬಂತು. ಚಿಕ್ಕಮ್ಮನ ಕೆನ್ನೆ ಹುಡುಗಿಯಂತೆ ಕೆಂಪಾಗಿದ್ದುದನ್ನು ಕಂಡು ಸಿಟ್ಟು ಅಲ್ಲೇ ಇಳಿಯಿತು, ಕಣ್ಣು ತುಂಬಿತು.

"ಈಗ ನಿಮ್ಮಮ್ಮಂಗೆ ಹೇಳೋಕೆ ನಂಗೆ ಬಾಯೇ ಬರ್ತಿಲ್ಲ. ನೀನೇ ಹೇಳು," ಎಂದು ಚಿಕ್ಕಮ್ಮ ಕಾಗದವೊಂದನ್ನು ಮುಂದಿಟ್ಟರು.

ಅದು ಬ್ಯಾಂಕಿನದೇ ಒಪ್ಪಿಗೆ ಪತ್ರ. ನನ್ನ ವಿವಾಹದ ಮಾಹಿತಿಯನ್ನು ಇವರಿಗೆ ತಿಳಿಸಬಹುದು ಎಂಬುದರ ಮುಂದಿನ ಖಾಲಿ ಜಾಗದಲ್ಲಿ ದುಂಡಗೆ ಬರೆದಿದ್ದರು: ಎಲ್ಲರಿಗೂ.

ರೇಡಿಯೋ ಸಹಿಯನ್ನು ಖಾತೆಯ ಕಾರ್ಡಿನಲ್ಲಿದ್ದ ಮಾದರಿ ಸಹಿಯೊಂದಿಗೆ ಎರಡೆರಡು ಸಲ ಹೋಲಿಸಿದಳು. ಓಡಿಹೋಗಿ ಮ್ಯಾನೇಜರರ ರುಜು ಹಾಕಿಸಿದಳು. ಮೊಹರು ಒತ್ತಿದಳು. ಮನೆಗೆ ಫೋನ್ ಮಾಡುವಷ್ಟೂ ತಾಳ್ಮೆ ಉಳಿದಿರಲಿಲ್ಲ. ಕುರ್ಚಿ ಹತ್ತಿ ನಿಂತು, ಸಾಲಿನಲ್ಲಿದ್ದ ಹನ್ನೊಂದು ಮಂದಿ ಅಪರಿಚಿತರಿಗೆ ಕೂಗಿ ಹೇಳಿದಳು: "ನಮ್ಮ ಚಿಕ್ಕಮ್ಮನ ಮದುವೆ ಆಯ್ತು!"